ಬದಲಾಯಿಸದೆ ಬಿಟ್ಟ ಒಂದು ದಿಕ್ಕು

ಮೊನ್ನೆ ಮಡಕಶಿರಾದಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು. ದಾರ ಕತ್ತರಿಸಿ ಬಿಚ್ಚಿದರೆ ಒಳಗೆ ಸ್ಪೈರಲ್ ಬೈಂಡಿಂಗ್ ಹಾಕಿದ ದಪ್ಪ ಪುಸ್ತಕ. ತೆರೆದ ಕೂಡಲೇ ಮೂಗಿಗೆ ಜೆರಾಕ್ಸ್ ಇಂಕಿನ ವಾಸನೆ ಬಡಿಯಿತು. ಇಷ್ಟು ವರ್ಷದ ಮೇಲೂ ಆ ವಾಸನೆ ಉಳಿದಿರುತ್ತದೋ ಇಲ್ಲವೋ, ನನಗಂತೂ ಬಂತು. ಬರೀ ವಾಸನೆಯಾಗಿದ್ದರೆ ಸಂತೋಷಪಡುತ್ತಿದ್ದೆ. ಅದರ ಬೆನ್ನಿಗೇ ಹಳೆಯ ಹೆದರಿಕೆ ಎದ್ದು ಕೂತಿತು. ಪುಸ್ತಕ ಮುಚ್ಚಿ ಮಂಚದ ಕೆಳಗೆ ತಳ್ಳಿಬಿಟ್ಟೆ. ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ ನಾನು, ಒಂದು ಪುಸ್ತಕಕ್ಕೆ ಹೆದರಿ ಮಂಚದ ಕೆಳಗೆ ತಳ್ಳಿದೆ ಅಂದರೆ ಯಾರಾದರೂ ನಗಬೇಕು.

ಕಳಿಸಿದ್ದು ಜೆರಾಕ್ಸ್ ಅಣ್ಣನ ತಂಗಿ. ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು. ಎದೆನೋವು ಅಂತ ಕೂತವರು ಮತ್ತೆ ಏಳಲಿಲ್ಲವಂತೆ.

ಹಿಂದೆ ಅವರು ರಾಯದುರ್ಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂದು ಜೆರಾಕ್ಸ್ ಮಷಿನ್ನು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಆಧಾರ್ ಕಾರ್ಡು, ಹೊಲದ ಪಟ್ಟಾದಾರ್ ಪಾಸ್‌ಬುಕ್ಕು ಹಿಡಿದುಕೊಂಡು ಜನ ಬರುತ್ತಲೇ ಇರುತ್ತಿದ್ದರು. ಅವರ ಊರು ಮಡಕಶಿರಾ ಹತ್ತಿರದ ಅಗಳಿ ಕಡೆ. ನಾವು ‘ಬರ್ರಿ, ಕುಂದ್ರರಿ’ ಅನ್ನುವವರು, ಅವರು ‘ಬತ್ತೀನಿ ಕಣಮ್ಮ’ ಅನ್ನುವವರು. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋಗಿದ್ದರಿಂದ ಮನೆಯಲ್ಲಿ ಇದ್ದದ್ದು ಅವ್ವ ಮತ್ತು ನಾನು, ಇಬ್ಬರೇ. ನಾನು ಬಿ.ಎಡ್ ಮುಗಿಸಿ ಟೀಚರ್ ಕೆಲಸದ ಡಿಎಸ್ಸಿ ಪರೀಕ್ಷೆಗೆ ಓದುವ ನಾಟಕ ಮಾಡುತ್ತಿದ್ದೆ. ಅವ್ವ ಅವರನ್ನು ‘ತಮ್ಮಾ’ ಅನ್ನುತ್ತಿದ್ದಳು, ಅವರು ಅವ್ವನನ್ನು ‘ದೊಡ್ಡಮ್ಮ’ ಅನ್ನುತ್ತಿದ್ದರು.

ಆ ಪುಸ್ತಕ ಅವರು ಕೊಂಡದ್ದಲ್ಲ. ಯಾರೋ ಕಾಲೇಜು ಹುಡುಗ ಪೆನ್‌ಡ್ರೈವ್ ಕೊಟ್ಟು, ಪ್ರಿಂಟು ತೆಗೆದು ಬೈಂಡ್ ಮಾಡಿಡಿ ಅಂತ ಹೇಳಿ ಹೋದವನು ಮತ್ತೆ ಬರಲೇ ಇಲ್ಲ. ಒಂದು ತಿಂಗಳು ಕಾದು, ಅಣ್ಣ ತಾವೇ ಓದಲು ಕೂತರು. ಇಂಗ್ಲಿಷು ಅಷ್ಟಕ್ಕಷ್ಟೇ, ಪಕ್ಕದಲ್ಲಿ ಡಿಕ್ಷನರಿ. ಕಥೆ ಅಂದುಕೊಂಡು ಓದಿದರೆ ಅದು ಆಟ! ಹಲಗೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಲೋಕವನ್ನು ಬಣ್ಣಿಸಿ ಕಥೆ ನಡೆಸುತ್ತಾರೆ, ಉಳಿದವರು ಆ ಲೋಕದ ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುತ್ತಾರೆ. ಆದೀತೋ ಇಲ್ಲವೋ ಅನ್ನುವ ಕೆಲಸಕ್ಕೆ ದಾಳ ಹಾಕಬೇಕು. ಪುಸ್ತಕದ ಲೋಕ ಹಿಮ ಬೀಳುವ ದೇಶ. ಅಲ್ಲಿ ಸಾಯದೆ ಉಳಿದ ಒಬ್ಬ ದೊರೆ, ಅವನ ಕೋಟೆ, ತೋಳಗಳು, ಹೆಪ್ಪುಗಟ್ಟಿದ ಕೆರೆಯ ದಡದಲ್ಲಿ ಭವಿಷ್ಯ ಹೇಳುವ ಕುರುಡಿ ಮುದುಕಿ.

ಹಿಮ ಅಂದರೆ ನಾವು ಫ್ರಿಜ್ಜಿನಲ್ಲಿ ಕಂಡದ್ದಷ್ಟೇ. ಅಣ್ಣ ಪೆನ್ಸಿಲ್ ಹಿಡಿದು ಕೂತರು. ಹಿಮ ಹೋಗಿ ಕೆಂಧೂಳು ಬಂತು. ದೊರೆ ಹೋಗಿ ಪಾಳೆಗಾರ ಬಂದ, ಅವನ ಕೋಟೆ ಅವರೂರಿನ ಕಡೆಯ ರತ್ನಗಿರಿ ಗುಡ್ಡದ ಮೇಲೆ ಕೂತಿತು. ಪ್ರಯಾಣಿಕರ ಛತ್ರ ಹೋಗಿ ಬಸ್‌ಸ್ಟ್ಯಾಂಡ್ ಎದುರಿನ ಮಂಡಕ್ಕಿ ಹೋಟೆಲಾಯಿತು. ತೋಳಗಳನ್ನು ಮಾತ್ರ ಹಾಗೇ ಬಿಟ್ಟರು. ಗುಮ್ಮಘಟ್ಟದ ಕುರಿಯವರನ್ನು ಕೇಳಿ, ತೋಳ ಪರದೇಶದ್ದಲ್ಲ ಅನ್ನುತ್ತಿದ್ದರು. ದಾಳಕ್ಕೆ ಬದಲು ಅವ್ವನ ಚೌಕಾಬಾರದ ಕವಡೆ. ಪ್ರತಿ ಪುಟದ ಅಂಚಿನಲ್ಲೂ ಅವರ ಪೆನ್ಸಿಲ್ಲಿನ ಸಣ್ಣ ಅಕ್ಷರ.

ಆಡುವವರು ಮೂವರು: ನಾನು, ಎದುರು ಮನೆಯ ಜೀನ್ಸ್ ಕಟಿಂಗ್ ಮಾಸ್ತರು ಮತ್ತು ಅವರ ಹೆಂಡತಿ. ಭಾನುವಾರ ಮಧ್ಯಾಹ್ನ ಬೀದಿಯ ಜೀನ್ಸ್ ಹೊಲಿಗೆ ಮಷಿನ್ನುಗಳ ಸದ್ದು ನಿಂತ ಮೇಲೆ ಅಂಗಡಿಯ ಶಟರು ಅರ್ಧ ಇಳಿಸಿ ಕೂರುತ್ತಿದ್ದೆವು. ಪುಸ್ತಕದ ಪೂಜಾರಿ ಮಾಸ್ತರಿಗೆ ಗೊರವಯ್ಯನಾದ. ಬಿಲ್ಲುಗಾರ್ತಿ ಅವರ ಹೆಂಡತಿಗೆ ಕವಣೆ ಬೀಸುವ ಕುರಿಗಾಹಿಯಾದಳು. ನನ್ನ ಪಾಲಿಗೆ ಬಂದದ್ದು ಕಳ್ಳಿ. ನಾನು ಕಳ್ಳಿ ಆಗಲಾರೆ ಅಂತ ಮುಖ ಊದಿಸಿಕೊಂಡೆ. ಸರಿ, ಬೀಗ ರಿಪೇರಿಯವಳು ಅಂದರು. ಮಾಡುವ ಕೆಲಸ ಅದೇ, ಮರ್ಯಾದೆ ಮಾತ್ರ ಬೇರೆ!

ಅವರು ಕಥೆ ಹೇಳುವಾಗ ನಿಜವಾಗಿ ಹೆದರಿಕೆಯಾಗುತ್ತಿತ್ತು. ನಾನು ಮೊದಲೇ ಪುಕ್ಕಲಿ. ಹಾಡುಹಗಲಲ್ಲಿ, ಮಷಿನ್ನಿನ ಪಕ್ಕ ಕೂತು, ಪಾಳೆಗಾರನ ಹೆಜ್ಜೆ ಕೇಳಿಸಿತು ಅಂದರೆ ನಾನು ಮಾಸ್ತರ ಹೆಂಡತಿಯ ಸೆರಗು ಹಿಡಿದುಕೊಳ್ಳುತ್ತಿದ್ದೆ. ಆ ಹೆದರಿಕೆಯಲ್ಲಿ ಒಂದು ಸುಖವಿತ್ತು, ಶಟರು ಎತ್ತಿದರೆ ಮುಗಿದುಹೋಗುವ ಹೆದರಿಕೆ ಅದು...

ಅದೇ ದಿನಗಳಲ್ಲಿ ಅವ್ವನ ಗರ್ಭಕೋಶದಲ್ಲಿ ಗಡ್ಡೆ ಇದೆ ಅಂತ ಗೊತ್ತಾಗಿತ್ತು. ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಬಳ್ಳಾರಿಯ ಡಾಕ್ಟರಮ್ಮ ಗುರುವಾರ ಬಂದು ಸೇರಿಕೊಳ್ಳಿ, ಇನ್ನು ತಡ ಮಾಡಿದರೆ ನನ್ನ ಕೈಯಲ್ಲಿಲ್ಲ ಅಂದಿದ್ದರು. ಅವ್ವ ಹೂಂ ಅಂದಿದ್ದಳು. ಬ್ಯಾಗು ಕೂಡ ತುಂಬಿ ಇಟ್ಟಿದ್ದೆ.

ಆ ಗುರುವಾರದ ಹಿಂದಿನ ಭಾನುವಾರ ನಮ್ಮ ಆಟ ಕುರುಡಿ ಮುದುಕಿಯ ಹತ್ತಿರ ಬಂದಿತ್ತು. ಅಣ್ಣ ಅವಳನ್ನು ಕೆರೆ ಏರಿಯ ಮೇಲಿನ ದೇವಿಯನ್ನಾಗಿ ಮಾಡಿದ್ದರು, ಕೆರೆಯಮ್ಮ ಅಂತ. ಅವರ ಸ್ವಂತ ಅಜ್ಜಿಗೆ ಮಂಗಳವಾರ ಮಂಗಳವಾರ ಮೈಮೇಲೆ ಅಮ್ಮ ಬರುತ್ತಿದ್ದಳಂತೆ. ಹುಟ್ಟಿದಾಗಿನಿಂದ ಕೇಳಿದ ದನಿ. ಅಣ್ಣ ಕಣ್ಣು ಮುಚ್ಚಿದರು. ಉದ್ದಕ್ಕೆ ಆಕಳಿಸಿದರು, ಹಲ್ಲಿನ ಸಂದಿಯಿಂದ ಉಸಿರೆಳೆದರು, ಭುಜ ನಡುಗಿತು. ಬಾಯಿಂದ ಬಂದದ್ದು ಮುದುಕಿಯ ದನಿ. ಒಂದು ಮಾತು ಕೇಳಿ, ಒಂದೇ ಮಾತು ಅಂದಿತು ಅದು. ಏನು ಕೇಳುವುದೆಂದು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ಚಹಾದ ತಟ್ಟೆ ನೆಲಕ್ಕಿಟ್ಟ ಸದ್ದು. ಅವ್ವ. ತಲೆ ಮೇಲೆ ಸೆರಗು ಹೊದ್ದು ಕೈ ಮುಗಿದು ನಿಂತಿದ್ದಳು.

“ತಾಯಿ, ಹೋಗ್ಲೇನು, ಬ್ಯಾಡೇನು? ನೀನ ಹೇಳವ್ವಾ.”

ಕಣ್ಣು ಮುಚ್ಚಿದ್ದ ಅಣ್ಣನಿಗೆ ಮಾಸ್ತರ ಹೆಂಡತಿ ಪಾತ್ರವಾಗಿ ಕೇಳಿದಂತೆ ಅನ್ನಿಸಿತಂತೆ. ಆಟದಲ್ಲಿ ಆಗ ನಮ್ಮ ಮುಂದಿದ್ದ ಪ್ರಶ್ನೆಯೂ ಕೋಟೆಗೆ ಹೋಗುವುದೋ ಬೇಡವೋ ಅನ್ನುವುದೇ. ಪುಸ್ತಕದಲ್ಲಿ ಮುದುಕಿ ಹೇಳುವ ಮಾತನ್ನು ಅದೇ ದನಿಯಲ್ಲಿ ಹೇಳಿಬಿಟ್ಟರು: “ಉತ್ತರ ದಿಕ್ಕಿಗೆ ಹೋದೋರು ತಿರುಗಿ ಬರಾಕಿಲ್ಲ.”

ರಾಯದುರ್ಗದಿಂದ ಬಳ್ಳಾರಿ ಇರುವುದು ಉತ್ತರಕ್ಕೆ.

ನಾನು ಎದ್ದು ನಿಂತು, ಅವ್ವಾ ಇದು ಬರೇ ಆಟ ಅಂತ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾಲಿಗೆ ಏಳಲಿಲ್ಲ. ಅಣ್ಣ ಕಣ್ಣು ಬಿಡುವಷ್ಟರಲ್ಲಿ ಅವ್ವ ನೆಲಕ್ಕೆ ಹಣೆ ಹಚ್ಚಿ ಎದ್ದು ಒಳಗೆ ಹೋಗಿದ್ದಳು. ಹೋಗಿ ಮೊದಲು ಮಾಡಿದ ಕೆಲಸ, ಬ್ಯಾಗಿನಿಂದ ಸೀರೆಗಳನ್ನು ತೆಗೆದು ಟ್ರಂಕಿನಲ್ಲಿಟ್ಟದ್ದು.

ಆ ಸಂಜೆ ಅಣ್ಣ ಪುಸ್ತಕ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದರು. ಆ ಪುಟ ತೋರಿಸಿದರು. ನೋಡು ದೊಡ್ಡಮ್ಮ, ಇದು ಇಲ್ಲಿ ಅಚ್ಚಾಗಿರೋ ಮಾತು, ಪುಸ್ತಕದಲ್ಲಿ ದೊರೆಯ ಕೋಟೆ ಉತ್ತರಕ್ಕೈತೆ, ಅದಕ್ಕೆ ಉತ್ತರ ಅಂದಿದ್ದು, ನಿನಗಲ್ಲ ಅಂತ ಗೋಗರೆದರು. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು, “ನಿಮ್ಮ ಕೋಟಿ ರತ್ನಗಿರಿ ಅಂದ್ರಿ. ಅದು ದಕ್ಷಿಣಕ್ಕಲ್ಲೇನು, ತಮ್ಮಾ?”

ಅಣ್ಣ ಪುಟದ ಅಂಚಿನ ತಮ್ಮ ಅಕ್ಷರಗಳನ್ನು ಮತ್ತೆ ಹುಡುಕಿದರು. ನಿಜ. ಹಿಮ ಬದಲಾಯಿಸಿದ್ದರು, ದೊರೆ ಬದಲಾಯಿಸಿದ್ದರು, ಹೋಟೆಲಿನ ಮಿರ್ಚಿಯ ರುಚಿಯನ್ನೂ ಬರೆದಿದ್ದರು. ಆ ಒಂದು ದಿಕ್ಕನ್ನು ಮಾತ್ರ ಪುಸ್ತಕದಲ್ಲಿದ್ದ ಹಾಗೇ ಬಿಟ್ಟಿದ್ದರು. ಅವ್ವನಿಗೆ ಅದೇ ಸಾಕ್ಷಿಯಾಯಿತು. ಎಲ್ಲಾ ತಿದ್ದಿದವನ ಕೈಯನ್ನು ಅಲ್ಲೊಂದು ಕಡೆ ಹಿಡಿದವಳು ಆಕೆಯೇ ಅಂದಳು. ಅನಂತಪುರಕ್ಕಾದರೂ ಹೋಗೋಣ, ಅದು ಪೂರ್ವಕ್ಕಿದೆ ಅಂತ ಕಾಲು ಹಿಡಿದೆ. ಅಮ್ಮ ಬೇಡ ಅಂದ ಮೇಲೆ ದಿಕ್ಕು ಬದಲಿಸಿ ಆಕೆಗೆ ಮೋಸ ಮಾಡುವುದೇನು ಅಂತ ನನ್ನನ್ನೇ ಗದರಿದಳು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಅಣ್ಣನ ಮೇಲೆ ಕೂಗಾಡಿದೆ. ನಿಮ್ಮ ಆಟ ನಮ್ಮ ಮನೆ ತೆಗೀತು ಅಂದೆ. ಇನ್ನೂ ಏನೇನೋ ಅಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಮಷಿನ್ನಿನ ಮೇಲೆ ಕೈಯಿಟ್ಟುಕೊಂಡು, “ಮೂರು ಸಾರಿ ನೋಡಿದ್ದೆ ಕಣಮ್ಮ ಆ ಪುಟಾನ. ಅದೊಂದು ಮಾತು ನನ್ನ ಕಣ್ಣಿಗೆ ಯಾಕೆ ಬೀಳ್ನಿಲ್ಲ?” ಅಂದರು. ನನಗೆ ಆಗ ತಿಳಿಯಿತು, ಅವ್ವನಿಗಿಂತ ಹೆಚ್ಚು ನಂಬಿದವರು ಇವರೇ ಅಂತ. ನನ್ನ ಹೆದರಿಕೆ ಎರಡಾಯಿತು. ಆಟದ ಪಾಳೆಗಾರನಿಗೆ ಶಟರು ಎತ್ತಿದರಾಗುತ್ತಿತ್ತು, ಇದಕ್ಕೆ ಯಾವ ಶಟರು ಎತ್ತುವುದು?

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಅಗಳಿ ಕಡೆ ಹೊರಟುಹೋದರು. ಓಡಿಹೋದರು ಅಂದುಕೊಂಡೆ. ಅವ್ವನಿಗೆ ಅವತ್ತು ಮತ್ತೆ ರಕ್ತ ಹೋಯಿತು. ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳು ಮಲಗಿದರೆ ಎದೆ ಏಳುತ್ತಿದೆಯೋ ಇಲ್ಲವೋ ಅಂತ ನಾನು ನೋಡುತ್ತ ಕೂರುತ್ತಿದ್ದೆ.

ಮಂಗಳವಾರ ಹನ್ನೊಂದರ ಹೊತ್ತಿಗೆ ಅಣ್ಣ ನಮ್ಮ ಅಂಗಳದಲ್ಲಿ ನಿಂತಿದ್ದರು. ಬರಿಮೈ, ಒದ್ದೆ ಪಂಚೆ, ಹಣೆ ತುಂಬ ಅರಿಶಿಣ, ಕೈಯಲ್ಲಿ ಬೇವಿನ ಸೊಪ್ಪು. ಹಿಂದಿನ ದಿನ ಅಜ್ಜಿಯ ಮೈಮೇಲೆ ಬರುತ್ತಿದ್ದ ಅಮ್ಮನ ಗುಡಿಯ ಮುಂದೆ ಕೂತು ಕ್ಷಮೆ ಕೇಳಿಕೊಂಡು ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಅದೇ ಆಕಳಿಕೆ, ಅದೇ ಉಸಿರು, ಅದೇ ದನಿ. ಆವತ್ತಿನ ಮಾತು ಆಟ ಆಡೋರಿಗೆ ಹೇಳಿದ್ದು ಮಗಳೇ, ನೀನು ಹೋಗು, ನಿನ್ನ ಬೆನ್ನಿಂದೆ ನಾನಿರ್ತೀನಿ ಅಂದಿತು ದನಿ.

ಅವ್ವ ಒಳಗೆ ಹೋಗಿ ಕರ್ಪೂರ ತಂದಳು. ನಮ್ಮ ಕಡೆ ಮೈಮೇಲೆ ದೇವರು ಬಂದವರ ಅಂಗೈಯಲ್ಲಿ ಉರಿಯುವ ಕರ್ಪೂರ ಇಟ್ಟು ನೋಡುವುದುಂಟು. ನಿಜವಾಗಿ ಬಂದಿದ್ದರೆ ಸುಡುವುದಿಲ್ಲ ಅಂತ ನಂಬಿಕೆ. ಅಣ್ಣ ಕೈ ಚಾಚಿದರು. ನಾನು ಅವರ ಬೆನ್ನ ಹಿಂದೆ, ಬಾಗಿಲ ಹತ್ತಿರ ನಿಂತಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕಂಡದ್ದು ಬೆನ್ನು, ನಡುಗುವ ಭುಜ, ಅದರಾಚೆ ಅವ್ವನ ಮುಖ. ಕೈ ಝಾಡಿಸಿಬಿಟ್ಟರೆ ಎಲ್ಲ ಮುಗಿಯಿತು, ಅವ್ವ ಉಳಿಯುವುದಿಲ್ಲ. ಅದೊಂದೇ ನನ್ನ ತಲೆಯಲ್ಲಿದ್ದದ್ದು. ಕರ್ಪೂರ ಒಂದು ಸಲ ಜೋರಾಗಿ ಉರಿದು, ಸಣ್ಣಗಾಗಿ, ಆರಿತು. ಕೈ ಚಾಚಿದ ಕಡೆಯೇ ಇತ್ತು. ಅವ್ವ ಅವರ ಕಾಲಿಗೆ ಬಿದ್ದು ಎದ್ದು, “ಬ್ಯಾಗ್ ತುಂಬು” ಅಂದಳು ನನಗೆ.

ಗುರುವಾರ ಸೇರಿಸಿದೆವು. ಆಪರೇಷನ್ ಕೋಣೆಯ ಬಾಗಿಲ ಹೊರಗೆ ನಾನು ಕೂತಷ್ಟು ಹೊತ್ತೂ ಅಣ್ಣ ನನ್ನ ಪಕ್ಕದಲ್ಲೇ ಇದ್ದರು, ಬಲಗೈಗೆ ಬಟ್ಟೆ ಸುತ್ತಿಕೊಂಡು. ಅಂಗೈಯ ಬೊಬ್ಬೆ ಅವ್ವನ ಕಣ್ಣಿಗೆ ಬೀಳಬಾರದು, ಮಷಿನ್ನಿನಲ್ಲಿ ಸಿಕ್ಕಿತು ಅಂತ ಹೇಳು ಅಂದರು. ಅವ್ವ ಉಳಿದಳು. ಈಗ ನನಗಿಂತ ಚುರುಕಾಗಿ ಓಡಾಡಿಕೊಂಡಿದ್ದಾಳೆ.

ಅಣ್ಣ ಮತ್ತೆ ಆಟ ಆಡಿಸಲಿಲ್ಲ. ಮಾಸ್ತರು ಎಷ್ಟು ಕೇಳಿದರೂ ಜಪ್ಪಯ್ಯ ಅನ್ನಲಿಲ್ಲ. ವರ್ಷದೊಳಗೆ ಅಂಗಡಿ ಖಾಲಿ ಮಾಡಿ ಮಡಕಶಿರಾಕ್ಕೆ ಹೋದರು. ಅಲ್ಲಿಂದ ಪ್ರತಿ ಮಂಗಳವಾರ ನನಗೆ ಫೋನು. ದೊಡ್ಡಮ್ಮ ಹೆಂಗವ್ರೆ ಅಂತ ಅದೊಂದೇ ಪ್ರಶ್ನೆ. ಅವ್ವನಿಗೆ ನೆಗಡಿ ಅಂದರೂ ಅವರ ದನಿ ಒಣಗುತ್ತಿತ್ತು. “ಅಮ್ಮ ಬರದೇ ಬಂದವ್ಳೆ ಅಂದೆ ಕಣಮ್ಮ. ನನ್ನ ಮ್ಯಾಲೆ ತೀರಿಸ್ಕೊಳ್ಲಿ. ದೊಡ್ಡಮ್ಮನ ಮ್ಯಾಲೆ ತೀರಿಸ್ಕೊಂಡ್ರೆ ಏನು ಮಾಡ್ಲಿ?” ಅನ್ನುತ್ತಿದ್ದರು. ನಾನು ಸಮಾಧಾನ ಹೇಳುತ್ತಿದ್ದೆ, ಆದರೆ ಅವ್ವನ ಕಿವಿಗೆ ಈ ವಿಷಯ ಹಾಕಲಿಲ್ಲ. ಹಾಕಿದರೆ ಅವತ್ತಿನ ನಾಟಕ ಬಯಲಾಗುತ್ತದಲ್ಲ... ಆ ಹೆದರಿಕೆ ನನಗೆ.

ಇವತ್ತು ಬೆಳಿಗ್ಗೆ ಕಸ ಗುಡಿಸುವಾಗ ಅವ್ವ ಮಂಚದ ಕೆಳಗಿನ ಪುಸ್ತಕ ಎಳೆದಳು. ಯಾರದು ಅಂತ ಕೇಳಲಿಲ್ಲ. ಪೆನ್ಸಿಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಪೊರಕೆ ಗೋಡೆಗೆ ಒರಗಿಸಿ ಹೇಳಿದಳು:

“ಕರ್ಪೂರ ಇಟ್ಟಾಗ ಅಂವನ ಕಣ್ಣಾಗ ದಳದಳ ನೀರು. ಅಮ್ಮ ಬಂದಿದ್ರ ಸುಡ್ತಿತ್ತೇನು? ಸುಟ್ರೂ ಬಿಡಲಿಲ್ಲ ನನ್ನ ತಮ್ಮ. ಅದಕ್ಕ ಹೋದೆ ನಾನು, ಬಳ್ಳಾರಿಗೆ.”

ಅದನ್ನ ಅವರಿಗೆ ಒಂದು ಸಲ ಹೇಳಬಾರದಾಗಿತ್ತಾ ಅಂತ ಕೇಳಿದೆ. ಗೊತ್ತಾಗಿದೆ ಅಂದರೆ ನಾಚಿಕೊಂಡಾನು, ನಂಬಿದ್ದಾಳೆ ಅಂತ ನೆಮ್ಮದಿಯಿಂದ ಇರಲಿ ಅಂತ ಬಿಟ್ಟೆ ಅಂದಳು ಅವ್ವ. ಅವರಿಗೆ ನೆಮ್ಮದಿ ಇರಲಿಲ್ಲ ಅಂತ ಅವಳಿಗೆ ಹೇಳಬೇಕಾಗಿದ್ದವಳು ನಾನು. ಇಷ್ಟು ವರ್ಷ ಎದುರುಬದುರು ಕೂತು ಉಂಡಿದ್ದೇವೆ, ಅವರ ಫೋನು ಬಂದ ಮಂಗಳವಾರಗಳಲ್ಲೂ. ನಾವಿಬ್ಬರೂ ಒಂದೊಂದು ಮಾತು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದೆವು, ಅವರು ಮಡಕಶಿರಾದಲ್ಲಿ ಹೆದರುತ್ತಲೇ ಹೋದರು.