ಗದ್ದಲವಿಲ್ಲದ ಹುಟ್ಟುಹಬ್ಬ

ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲಿ ಒಂದು ಹಿತ್ತಾಳೆಯ ಸೇರು ಇದೆ. ಕಾಳು ಅಳೆಯುವ ಅದರ ನೌಕರಿ ಎಂದೋ ಮುಗಿದಿದೆ. ಈಗ ತೊಗರಿಯೂ ಕಡಲೆಯೂ ಮಿನುಗುವ ಅಂಕಿಗಳ ತಕ್ಕಡಿಯ ಮೇಲೆ ತೂಗುತ್ತವೆ. ಆದರೂ ಅದನ್ನು ನಾನು ಹಳೆಯ ಸಾಮಾನು ಕೊಳ್ಳುವವನ ಕೈಗೆ ಕೊಟ್ಟಿಲ್ಲ, ಏಕೆಂದರೆ ಸಂಕ್ರಾಂತಿಯ ವಾರದಲ್ಲಿ ಅದಕ್ಕೊಂದು ಕೆಲಸ ಉಳಿದಿದೆ. ಐದು ತುಂಬದ ಮಕ್ಕಳಿಗೆ ಕರಿ ಬಟ್ಟೆ ತೊಡಿಸಿ, ಮಣೆಯ ಮೇಲೆ ಕೂರಿಸಿ, ಚುರುಮುರಿ, ಬಾರಿಹಣ್ಣು, ಕಬ್ಬಿನ ತುಂಡು, ಕುಸುರೆಳ್ಳು ಎಲ್ಲವನ್ನೂ ಸೇರಿನಲ್ಲಿ ತುಂಬಿ ಅವರ ತಲೆಯ ಮೇಲೆ ಎರೆಯುವುದು ನಮ್ಮ ಬಸವಕಲ್ಯಾಣದ ಕಡೆಯ ವಾಡಿಕೆ. ನೆಲಕ್ಕೆ ಉರುಳಿದ್ದನ್ನು ಓಣಿಯ ಮಕ್ಕಳೆಲ್ಲ ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಕೂಸಿಗೆ ದೃಷ್ಟಿಯಾಗದಿರಲಿ ಎಂದು ಹಾಗೆ ಮಾಡುತ್ತಾರೆಂದು ನನ್ನ ಅತ್ತೆ ಹೇಳುತ್ತಿದ್ದರು. ಮಕ್ಕಳಿಗೆ ಕಬ್ಬು ತಿನ್ನಲು ಅದೊಂದು ನೆಪವೆಂದು ನಾನು ತಿಳಿದಿದ್ದೆ. ಈ ವರ್ಷದ ತನಕ ಹಾಗೆಯೇ ತಿಳಿದಿದ್ದೆ.

ನನ್ನ ಮೊಮ್ಮಗಳು ನೀಲಾ ಹುಟ್ಟಿದ್ದು ಇದೇ ಸಂಕ್ರಾಂತಿಯ ವಾರದಲ್ಲಿ. ಮಗಳು ಸುವರ್ಣಾ ಇರುವುದು ಹುಮನಾಬಾದಿನಲ್ಲಿ. ಅಳಿಯನಿಗೆ ಅಲ್ಲಿ ಔಷಧಿ ಕಾರ್ಖಾನೆಯ ಕೆಲಸ. ಕೂಸು ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಟಮಾರಿ, ಥೇಟ್ ಅಜ್ಜಿಯ ಹಾಗೆ ಎಂದು ಎಲ್ಲರೂ ನಗುತ್ತಿದ್ದರು. ನಾನಂತೂ ನನ್ನ ಗುಣ ಒಬ್ಬಳಿಗಾದರೂ ಬಂತಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಕಳೆದ ವರ್ಷ ಸೋಲಾಪುರದ ಡಾಕ್ಟರು ಕೂಸಿನ ಕಿವಿ ನೋಡಿ, ಎಡಗಿವಿಯ ಆಸೆ ಬಿಡಿ, ಬಲಗಿವಿಗೆ ಯಂತ್ರ ಹಾಕಿದರೆ ಕೇಳಿಸುತ್ತದೆ, ಕೇಳಿಸಿದರೆ ಮಾತೂ ಬರುತ್ತದೆ ಎಂದರು. ಆದರೆ ಎಚ್ಚರವಿದ್ದಷ್ಟು ಹೊತ್ತೂ ಅದು ಕಿವಿಯಲ್ಲಿರಬೇಕು. ತೆಗೆದಿಟ್ಟರೆ ಮಾತು ಕಲಿಯುವ ವಯಸ್ಸು ಸುಮ್ಮನೆ ಜಾರಿಹೋಗುತ್ತದೆ ಎಂದೂ ಹೇಳಿದರು.

ಯಂತ್ರ ಬಂತು, ಅದರ ಹಿಂದೆಯೇ ಒಂದೊಂದಾಗಿ ಮಾತುಗಳೂ ಬಂದವು. ಅವ್ವ ಅಂದಳು, ನೀರು ಅಂದಳು. ಅವಳು ತಾನಾಗಿ ಕಲಿತ ಮೊದಲ ಮಾತು ಯಾವುದು ಗೊತ್ತೇ? "ಹೋತು." ನಮ್ಮ ಕಡೆ ಕರೆಂಟ್ ಹೋದ ಕೂಡಲೇ ಮನೆಮನೆಯಿಂದಲೂ ಹೊರಡುವ ಉದ್ಗಾರ ಅದು, ಮರಳಿ ಬಂದಾಗ ಓಣಿಯ ಮಕ್ಕಳೆಲ್ಲ ಒಕ್ಕೊರಲಿನಿಂದ "ಬಂತು!" ಎಂದು ಕೂಗುವುದು ಅದರ ಜೋಡಿ. ನೀಲಾಗೆ ಹೋತು ಮಾತ್ರ ಬಂದಿತ್ತು, ಬಂತು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹುಮನಾಬಾದಿನ ನೆರೆಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಚಾಕಲೇಟು ತುಂಬಿದ ದೊಡ್ಡದೊಂದು ಬಲೂನು ಅವಳ ಕಿವಿಯ ಹತ್ತಿರವೇ ಢಮ್ಮೆಂದು ಒಡೆಯಿತು. ಕೂಸು ಚೀರಿ, ಯಂತ್ರವನ್ನು ಕಿತ್ತೆಸೆದು, ಎಷ್ಟೋ ದಿನ ಅದನ್ನು ಕಂಡರೆ ಸಾಕು ಮಂಚದ ಕೆಳಗೆ ಸೇರುತ್ತಿತ್ತು. ಅದನ್ನು ರಮಿಸಿ ಮತ್ತೆ ತೊಡಿಸುವಷ್ಟರಲ್ಲಿ ಸುವರ್ಣಾ ಅರ್ಧವಾಗಿದ್ದಳು.

ಹಾಗಾಗಿ ನೀಲಾಳ ನಾಲ್ಕನೆಯ ಹುಟ್ಟುಹಬ್ಬ ನಮ್ಮಲ್ಲಿಯೇ ಆಗಲಿ ಎಂದು ನಾನು ಫೋನಿನಲ್ಲಿ ಅಂದಾಗ ಅವಳು ಒಪ್ಪಲಿಲ್ಲ. "ಬ್ಯಾಡವ್ವಾ. ಇನ್ನೊಮ್ಮೆ ಅಂಜಿ ಕಿತ್ತು ಒಗದ್ಲಂದ್ರ ಮತ್ತ ಹಾಕ್ಕೊಳ್ಳೋದಿಲ್ಲ ಆಕಿ. ನನ್ನ ಕೈಲೆ ಆಗೋದಿಲ್ಲ" ಎಂದಳು. ಅವಳ ದನಿ ಕೇಳಿ ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹೆದರಿಕೆಯಾದಾಗಲೇ ನನಗೆ ಹುಂಬತನ ಬರುವುದು. ಕೂಸು ಜನರ ನಡುವೆ ಕೂತು ಯಂತ್ರ ತೊಡುವುದನ್ನು ಕಲಿಯಬೇಕೋ ಬೇಡವೋ ಎಂದು ವಾದಿಸಿದೆ. ನಮ್ಮ ಮನೆಯಲ್ಲಿ ಒಂದು ಸೂಜಿ ಬಿದ್ದ ಸದ್ದೂ ಆಗದ ಹಾಗೆ ಹಬ್ಬ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಫೋನು ಕೆಳಗಿಟ್ಟು ನಮ್ಮ ಓಣಿಯನ್ನು ನೆನೆದು ನನಗೇ ನಗು ಬಂತು.

ಏಕೆಂದರೆ, ಗೆಳೆಯರೇ, ನಮ್ಮ ಓಣಿಯಲ್ಲಿ ಸದ್ದೆಂದರೆ ಮರ್ಯಾದೆ. ಬೀಗರು ಬಂದರೆ ಊರ ಅಗಸೆಬಾಗಿಲಿನಿಂದಲೇ ಕೂಗಿ ಕರೆಯದಿದ್ದರೆ ಅವರಿಗೆ ಬೇಸರ, ನಲ್ಲಿಯಲ್ಲಿ ನೀರು ಬಂದರೆ ಇಡೀ ಓಣಿಗೆ ಡಂಗುರ, ಪ್ರೀತಿಯಿಂದ ಮಾತಾಡುವವರನ್ನು ದೂರದಿಂದ ನೋಡಿದ ಪರವೂರಿನವರು ಜಗಳ ಬಿಡಿಸಲು ಓಡಿ ಬಂದದ್ದೂ ಉಂಟು. ಅದರ ಮೇಲೆ ನನ್ನ ಪಕ್ಕದ ಮನೆಯ ರಶೀದಾಳ ಗಂಡ ಕರೀಂ ಭಾಯಿ ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡು ಬಾರಿಸುವವರು. ಸುವರ್ಣಾಳನ್ನು ಬೀಳ್ಕೊಟ್ಟದ್ದೂ ಅವರ ಕ್ಲಾರಿನೆಟ್ಟೇ. ಅವಳ ಮಗಳ ಹುಟ್ಟುಹಬ್ಬಕ್ಕೆ ಇಡೀ ತಂಡವನ್ನು ಬಿಟ್ಟಿಯಾಗಿ ಕರೆತರುವುದಾಗಿ ಅವರು ಮೊದಲೇ ಘೋಷಿಸಿಬಿಟ್ಟಿದ್ದರು.

ನಾನು ರಶೀದಾಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಬಲೂನಿನ ಕಥೆಯನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಫಿಕರ್ ಮಾಡಬ್ಯಾಡ್ರಿ ಅಕ್ಕಾ. ಎಲ್ಲಾರ ಬಾಯಿಗೂ ಕೀಲಿ ಹಾಕೋ ಜಿಮ್ಮಾ ನಂದು" ಎಂದು ಎದ್ದವಳೇ, ಆ ಗುಟ್ಟಿನ ಸೂಚನೆಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿಕೊಂಡೇ ಹೋದಳು. ಬಲೂನು ಬೇಡ, ಪಟಾಕಿ ಬೇಡ, ಚಪ್ಪಾಳೆ ಬೇಡ, ಬ್ಯಾಂಡಂತೂ ಬಿಲ್ಕುಲ್ ಬೇಡ. ಸದ್ದು ಮಾಡಿದ ಮಕ್ಕಳಿಗೆ ಕೇಕೂ ಇಲ್ಲ, ಕಬ್ಬೂ ಇಲ್ಲ. ನಾನು ಶೇಂಗಾ ಹೋಳಿಗೆ ಮಾಡಿದೆ, ಚುರುಮುರಿ ನೆನೆಸಿ ಸುಸಲಾ ಒಗ್ಗರಿಸಿದೆ, ಸೇರನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಅಳಿಯ ಹುಮನಾಬಾದಿನ ಬೇಕರಿಯಿಂದ ನವಿಲಿನ ಆಕಾರದ ಕೇಕು ಹಿಡಿದು, ಬಸ್ಸಿನ ಕುಲುಕಾಟಕ್ಕೆ ನವಿಲು ಹೋಗಿ ಕೋಳಿಯಾದ ಅದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ತಂದು ಇಳಿಸಿದ.

ಸಂಜೆ ಜನ ಬಂದರು. ಬಂದರು ಎಂದರೆ ತಪ್ಪಾದೀತು, ನುಸುಳಿದರು. ಮಕ್ಕಳು ಚಪ್ಪಲಿಯನ್ನು ಓಣಿಯಲ್ಲೇ ಬಿಟ್ಟು ತುದಿಗಾಲಿನಲ್ಲಿ ಅಂಗಳಕ್ಕೆ ಬಂದವು. ಕೈಬಳೆ ಸದ್ದಾದೀತೆಂದು ಹೆಂಗಸರು ಅವನ್ನು ಮೊಣಕೈ ತನಕ ಏರಿಸಿಕೊಂಡಿದ್ದರು. ಕರೀಂ ಭಾಯಿ ಶಾಲು ಹೊದ್ದು, ಮದುವೆ ತಪ್ಪಿದ ಮನೆಯಲ್ಲಿ ಕೂತವರ ಹಾಗೆ ಒಂದು ಮೂಲೆ ಹಿಡಿದಿದ್ದರು. ನಾನೇ ಪಿಸುಗುಟ್ಟುತ್ತ ಅತಿಥಿಗಳನ್ನು ಸ್ವಾಗತಿಸುತ್ತಿದ್ದೆ. ನಾನು ಪಿಸುಗುಟ್ಟಿದ್ದನ್ನು ಕೇಳಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂದು ತಮಾಷೆ ಮಾಡುತ್ತಿದ್ದ ನನ್ನ ಗಂಡ ಇದ್ದಿದ್ದರೆ ಎಷ್ಟು ನಗುತ್ತಿದ್ದರೋ. ಕರಿ ಲಂಗ ತೊಟ್ಟು, ಕುಸುರೆಳ್ಳಿನ ಸರ ಹಾಕಿಕೊಂಡ ನೀಲಾ ಮಣೆಯ ಮೇಲೆ ಕೂತಳು. ಕೇಕು ಕೊಯ್ಯುವಾಗ ಎಲ್ಲರೂ ಹಾಡಿದರು, ಆದರೆ ತುಟಿಯಲ್ಲಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಆದರೆ ಅಂಗೈಗೆ ಅಂಗೈ ತಾಗದ ಹಾಗೆ. ಕೊಟ್ಟ ಮಾತು ಉಳಿಸಿಕೊಂಡೆ ಎಂಬ ಹೆಮ್ಮೆಯಿಂದ ನಾನು ಮಗಳ ಮುಖ ನೋಡಿದೆ.

ಮಗಳು ಕೂಸಿನ ಮುಖ ನೋಡುತ್ತಿದ್ದಳು. ನೀಲಾ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ದೃಷ್ಟಿ ಹರಿಸುತ್ತಿದ್ದಳು. ಎಲ್ಲ ತುಟಿಗಳೂ ಅಲುಗುತ್ತಿವೆ, ಎಲ್ಲ ಕೈಗಳೂ ಆಡುತ್ತಿವೆ, ಒಂದರಿಂದಲೂ ಏನೂ ಬರುತ್ತಿಲ್ಲ. ಮೆಲ್ಲಗೆ ಅವಳ ಕೈ ಬಲಗಿವಿಗೆ ಹೋಯಿತು. ಯಂತ್ರವನ್ನು ತೆಗೆದು, ಆರಿದ ಬ್ಯಾಟರಿಯನ್ನು ಅಲುಗಿಸುವಂತೆ ಒಮ್ಮೆ ಅಲುಗಿಸಿ, ತಾಯಿಯ ಮುಂದೆ ಹಿಡಿದಳು. ಕಣ್ತುಂಬ ನೀರು. "ಅವ್ವಾ, ಹೋತು" ಎಂದಳು.

ಆ ಒಂದು ಮಾತು ನನ್ನ ಎದೆಗೆ ನಾಟಿತು. ಸದ್ದೇ ಇಲ್ಲದ ಲೋಕವೊಂದನ್ನು ಕೂಸು ಮೊನ್ನೆ ಮೊನ್ನೆ ದಾಟಿ ಬಂದಿತ್ತು. ನಾವೆಲ್ಲ ಪ್ರೀತಿಯಿಂದ ಒಟ್ಟುಗೂಡಿ, ಹೋಳಿಗೆ ಮಾಡಿ, ಬಳೆ ಏರಿಸಿಕೊಂಡು, ಅದನ್ನು ಅಲ್ಲಿಗೇ ವಾಪಸು ಕಳಿಸಿದ್ದೆವು. ಸುವರ್ಣಾ ಯಂತ್ರವನ್ನು ಮರಳಿ ಸಿಕ್ಕಿಸಿ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ನೀಲಾ ತಲೆ ಅಲ್ಲಾಡಿಸಿ ಮತ್ತೆ ಅದನ್ನು ಕೀಳಲು ಕೈ ಎತ್ತಿದಳು. ಜನ ಮತ್ತಷ್ಟು ಗಾಬರಿಯಾಗಿ ಉಸಿರನ್ನೂ ಬಿಗಿಹಿಡಿದರು. ಆಗ ನನಗೆ ಬಂದ ಸಿಟ್ಟು ಅವರ ಮೇಲೋ ನನ್ನ ಮೇಲೋ ಇಂದಿಗೂ ಗೊತ್ತಿಲ್ಲ.

"ಯಾಕ ಎಲ್ಲಾರೂ ಮಣ್ಣಿಗೆ ಬಂದವರಂಗ ನಿಂತೀರಿ? ಕೂಸಿನ ಹುಟ್ಟಿದ ಹಬ್ಬ ಐತಿ. ಮಾತಾಡ್ರಿ, ನಗ್ರಿ!" ಎಂದು ಒದರಿ, ತುಂಬಿದ ಸೇರನ್ನು ಎತ್ತಿ ನೀಲಾಳ ತಲೆಯ ಮೇಲೆ ಬೋರಲು ಹಾಕಿದೆ.

ಮೊದಲು ಚುರುಮುರಿ ಸರಸರನೆ ಇಳಿಯಿತು, ಹೆಗಲಿನ ಮೇಲೆ, ಲಂಗದ ನೆರಿಗೆಯ ಮೇಲೆ. ಅದರ ಹಿಂದೆ ಬಾರಿಹಣ್ಣುಗಳು ಫರಶಿಕಲ್ಲಿನ ಮೇಲೆ ಟಪಟಪನೆ ಪುಟಿದು ಉರುಳಿದವು, ಕಬ್ಬಿನ ತುಂಡೊಂದು ಆರತಿಯ ತಟ್ಟೆಗೆ ಬಡಿದು ಠಣ್ಣೆಂದಿತು. ಅಷ್ಟು ಹೊತ್ತು ತಡೆದುಕೊಂಡಿದ್ದ ಮಕ್ಕಳು ಇನ್ನು ಯಾರ ಮಾತಿಗೂ ನಿಲ್ಲದೆ ಹಣ್ಣಿನ ಮೇಲೆ ಬಿದ್ದವು. ನೀಲಾ ಬೆಚ್ಚಿದಳು. ಅವಳ ಕೈ ಕಿವಿಯ ಬಳಿಯೇ ನಿಂತಿತ್ತು. ಸುವರ್ಣಾ ನನ್ನ ಸೀರೆ ಹಿಡಿದು ಜಗ್ಗಿದಳು. ಆದರೆ ಕೂಸಿನ ಕೈ ಯಂತ್ರವನ್ನು ಕೀಳಲಿಲ್ಲ, ಬೆರಳಿನಿಂದ ಅದನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡಿತು. ಅವಳು ಕತ್ತೆತ್ತಿ ನೋಡಿದಳು, ತಾಯಿಯನ್ನು, ನನ್ನನ್ನು, ಉರುಳುವ ಹಣ್ಣುಗಳನ್ನು. ಆಮೇಲೆ ಬಾಯಿ ತುಂಬ ಕೂಗಿದಳು: "ಬಂತು!"

ಕರೆಂಟ್ ಬಂದರೆ ಕೂಗಿ ರೂಢಿಯಿದ್ದ ಓಣಿಯ ಮಕ್ಕಳೆಲ್ಲ ಯೋಚಿಸದೆಯೇ "ಬಂತು!" ಎಂದು ಒಟ್ಟಿಗೆ ಕೂಗಿಬಿಟ್ಟವು. ನೀಲಾ ಮತ್ತೆ ಕೂಗಿದಳು, ಅವು ಮತ್ತೆ ಕೂಗಿದವು. ಅಷ್ಟರಲ್ಲಿ ಮೂಲೆಯಲ್ಲಿದ್ದ ಕರೀಂ ಭಾಯಿ ಶಾಲಿನ ಒಳಗಿನಿಂದ ಕ್ಲಾರಿನೆಟ್ ತೆಗೆದರು. ರಶೀದಾ ಹಾಕಿದ ಕೀಲಿಗೆ ಕಳ್ಳ ಕೀಲಿಕೈ ಅವಳ ಮನೆಯಲ್ಲೇ ಇತ್ತು ನೋಡಿ. "ಹಗೂರಕ ಬಜಾಯಿಸಲೇನ್ರಿ ಅಕ್ಕಾ? ಭಾಳ ಹಗೂರಕ" ಎಂದು ಅಪ್ಪಣೆ ಕೇಳಿದರು. ಮೆರವಣಿಗೆಯಲ್ಲಿ ಕುದುರೆಯನ್ನೂ ಬೆದರಿಸುವ ಆ ಮನುಷ್ಯ ಕೂಸಿನ ಎದುರು ಕುಳಿತು, ಜೋಗುಳದಷ್ಟು ಮೆದುವಾಗಿ ಊದಿದರು. ಸುವರ್ಣಾ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಕೂಸು ಆ ದಿನ ಮಲಗುವ ತನಕ ಯಂತ್ರ ತೆಗೆಯಗೊಡಲಿಲ್ಲ.

ನಮಗೆ ಕಿವಿಗಳಿವೆ ಎಂಬುದನ್ನು ಅವು ನೋಯುವ ತನಕ ನಾವು ನೆನೆಯುವುದಿಲ್ಲ. ಬೆಳಗಿನ ಬಸ್ಸಿನ ಹಾರ್ನು, ರಶೀದಾ ಕೋಳಿಗಳಿಗೆ ಬಯ್ಯುವುದು, ಒಗ್ಗರಣೆಯ ಸಾಸಿವೆ, ದೂರದ ಅಜಾನ್, ಯಾರ ಮನೆಯದೋ ಗಂಟೆ, ಎಲ್ಲವೂ ಬೇಡಿದರೂ ಬೇಡದಿದ್ದರೂ ಒಳಗೆ ಬಂದು ಕೂರುತ್ತವೆ, ನಾವು ಇವುಗಳನ್ನೆಲ್ಲ ಸೇರಿಸಿ ಗದ್ದಲ ಎಂದು ಹೆಸರಿಟ್ಟು ಗೊಣಗುತ್ತೇವೆ. ಮೊಮ್ಮಗಳನ್ನು ಇಂಥ ಬಾಯಿಬಡುಕ ಓಣಿಯ ಮಡಿಲಿಗೆ ಹಾಕಿದ್ದಕ್ಕೆ ನಾನು ದೇವರಿಗೆ ಋಣಿ. ಅವಳಿಗಾಗಿ ಬಾಯಿ ಕಟ್ಟಿಕೊಂಡ ಜನಕ್ಕೂ ಋಣಿ, ಅದನ್ನು ಹೆಚ್ಚು ಹೊತ್ತು ತಾಳಲಾರದೆ ಹೋದ ಅವರ ಮಕ್ಕಳಿಗೆ ಇನ್ನೂ ಹೆಚ್ಚು ಋಣಿ.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸಲು ಹೋದಾಗ ನೀಲಾ ಆಗಲೇ ಎದ್ದು, ಕಿವಿಗೆ ಯಂತ್ರ ಹಾಕಿಸಿಕೊಂಡು, ಮೂಲೆಮುಡುಕಿನ ಚುರುಮುರಿ, ಹಣ್ಣುಗಳನ್ನು ಸೇರಿನಲ್ಲಿ ತುಂಬುತ್ತಿದ್ದಳು. ತುಂಬಿ ಸುರುವುವಳು, ತಲೆ ವಾರೆ ಮಾಡಿ ಕೇಳುವಳು, ಮತ್ತೆ ತುಂಬುವಳು. ನನ್ನನ್ನು ಕಂಡು ಕೈ ಹಿಡಿದು ಮಣೆಯ ಮೇಲೆ ಕೂರಿಸಿದಳು. ಹೆರಿಗೆ, ಮದುವೆ, ಸಾವು ಎಲ್ಲ ಕಂಡ ಈ ನರೆತ ತಲೆಯ ಮೇಲೆ ಸೇರನ್ನು ಬೋರಲು ಹಾಕಿದಳು. ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟೋ ಮಕ್ಕಳಿಗೆ ಎರೆದಿದ್ದೆನಲ್ಲ, ಚುರುಮುರಿ ಕಿವಿಯ ಪಕ್ಕದಲ್ಲಿ ಇಳಿಯುವಾಗ ಹೇಗೆ ಕೇಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದರೆ ಕೂಸು ನನ್ನ ಬಲಗಿವಿಯೊಳಗೆ ಇಣುಕುತ್ತಿತ್ತು. ಅಜ್ಜಿಯ ಕಿವಿಯಲ್ಲಿ ಯಂತ್ರವಿಲ್ಲದ್ದು ನೋಡಿ ಅದಕ್ಕೆ ಚಿಂತೆಯಾಗಿರಬೇಕು.

"ಅಜ್ಜೀ, ಬಂತಾ?" ಎಂದು ಕೇಳಿತು.

"ಬಂತವ್ವಾ" ಎಂದೆ, "ಬಂತು."