ಸೋಮವಾರದ ಬಿ.ಪಿ.

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಹದಿನೆಂಟು ವರ್ಷ ನರ್ಸಾಗಿ ಸೂಜಿ ಚುಚ್ಚಿ, ಸಲೈನ್ ಏರಿಸಿ, ವೈದ್ಯರು ಬರೆದುಕೊಟ್ಟದ್ದನ್ನು ಮಾಡಿಕೊಂಡು ಸುಖವಾಗಿದ್ದವಳು. ಇನ್ನು ಮೇಲೆ ಹಳ್ಳಿಯ ಉಪಕೇಂದ್ರದಲ್ಲಿ ಕುಳಿತು ರೋಗಿಯನ್ನು ಮೊದಲು ನೀನೇ ಪರೀಕ್ಷಿಸಬೇಕು, ಬಿ.ಪಿ., ಸಕ್ಕರೆ ಕಾಯಿಲೆ, ಕ್ಷಯ, ರಕ್ತಹೀನತೆಗಳನ್ನು ನೀನೇ ಗುರುತಿಸಬೇಕು ಎಂದು ಆರು ತಿಂಗಳ ತರಬೇತಿಗೆ ಶಿರಸಿಗೆ ಕಳಿಸಿದರು. ಮನೆ ಇರುವುದು ಯಲ್ಲಾಪುರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ, ಸಂಜೆ ಬಸ್ಸು ಇಳಿದು, ನಡುವೆ ನಿದ್ದೆ ಮಾಡುವ ಬದಲು ಚಿಂತೆ ಮಾಡುತ್ತಿದ್ದೆ.

ಚಿಂತೆ ನನಗೆ ಹೊಸದಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬಂದವಳು ನಾನು. ಅಂಥವಳ ಕೈಗೆ ರೋಗಲಕ್ಷಣಗಳ ಪಟ್ಟಿ ಕೊಡುವುದೆಂದರೆ ಮಂಗನ ಕೈಗೆ ಬಾಳೆಗೊನೆ ಕೊಟ್ಟಂತೆ. ಥೈರಾಯ್ಡ್ ಪಾಠವಾದ ವಾರ ಗುಟುಕು ಗುಟುಕಾಗಿ ನೀರು ಕುಡಿಯುತ್ತಾ ಕನ್ನಡಿಯಲ್ಲಿ ಗಂಟಲು ನೋಡಿಕೊಂಡೆ. ಕಾಮಾಲೆಯ ವಾರ ಕಣ್ಣುರೆಪ್ಪೆ ಎಳೆದು ಎಳೆದು ಕಣ್ಣೇ ಕೆಂಪಾಯಿತು. ಪ್ರಾಸ್ಟೇಟ್ ಪಾಠ ಬಂದ ವಾರ ಮಾತ್ರ ಸ್ವಲ್ಪ ವಿಶ್ರಾಂತಿ ಸಿಕ್ಕಿತು. ನಮ್ಮವರು ಊಟಕ್ಕೆ ಕೂತಾಗ ದಿನವೂ ಕೇಳುತ್ತಿದ್ದರು: "ಇವತ್ತು ಎಂತ ಕಾಯಿಲೆಯೇ ನಿಂಗೆ?"

ನಮ್ಮವರೆಂದರೆ ನನ್ನ ಗಂಡ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗಿ ಬರುವ ಬಸ್ಸಿನ ಚಾಲಕರು. ಘಟ್ಟದ ಒಂದೊಂದು ತಿರುವನ್ನೂ ಮನೆಯ ಮೆಟ್ಟಿಲುಗಳಂತೆ ಬಲ್ಲವರು. ಸ್ಟಿಯರಿಂಗ್ ಹಿಡಿದರೆ ಮನುಷ್ಯ, ಇಲ್ಲದಿದ್ದರೆ ಸುಮ್ಮನೆ ಒಂದು ಅಂಗಿ ಎಂದು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದರು.

ನಮಗೆ ಕಲಿಸುತ್ತಿದ್ದ ಹಿರಿಯ ವೈದ್ಯರ ಪಾಠ ನಾಲ್ಕೇ ಶಬ್ದದ್ದು: ನೋಡು, ಮುಟ್ಟು, ತಟ್ಟು, ಕೇಳು. ಸ್ಟೆತೊಸ್ಕೋಪು ಕೊನೆಗೆ. ಎದೆ ತಟ್ಟುವುದನ್ನು ಕಲಿಸುವಾಗ, "ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡ್ತೀರಲ್ಲ, ಅದೇ. ಟೊಳ್ಳು ಯಾವುದು, ಗಟ್ಟಿ ಯಾವುದು, ಬೆರಳಿಗೆ ಗೊತ್ತಾಗಬೇಕು" ಎಂದರು. ನನ್ನ ಬೆರಳಿಗೆ ಹಲಸಿನಕಾಯಿಯೇ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಮನೆಯಲ್ಲಿ ಅಭ್ಯಾಸಕ್ಕೆ ಒಂದು ದೇಹ ಬೇಕಾಯಿತು. ಇದ್ದದ್ದು ಒಂದೇ.

ಡ್ಯೂಟಿ ಮುಗಿಸಿ ಬಂದವರನ್ನು ಹೊರಗಿನ ಕೋಣೆಯ ಬೆಂಚಿನ ಮೇಲೆ ಅಂಗಿ ಬಿಚ್ಚಿಸಿ ಮಲಗಿಸುತ್ತಿದ್ದೆ. ಉಸಿರು ಎಳೆಯಿರಿ, ಬಿಡಿ, ಆ ಕಡೆ ಹೊರಳಿ. ಪಿತ್ತಕೋಶ ಹುಡುಕುತ್ತಾ ಕಚಗುಳಿ ಇಟ್ಟೆನೆಂದು ಎರಡು ಸಲ ಎದ್ದು ಹೋಗಿದ್ದರು. "ಬಸ್ಸಿನ ಬಾನೆಟ್ಟೂ ಇಷ್ಟು ಸಲ ತೆಗೂದಿಲ್ಲ ಮಾರಾಯ್ತಿ" ಎನ್ನುತ್ತಲೇ ಮತ್ತೆ ಬಂದು ಮಲಗುತ್ತಿದ್ದರು. ಎಲ್ಲಕ್ಕಿಂತ ಕಷ್ಟಪಟ್ಟು ಕಲಿತದ್ದು ಹೃದಯದ ತುದಿಯ ಬಡಿತವನ್ನು ಹುಡುಕುವುದು. ಐದನೆಯ ಮತ್ತು ಆರನೆಯ ಪಕ್ಕೆಲುಬುಗಳ ನಡುವೆ, ಎಡಗಡೆ, ಎದೆಯ ಗೋಡೆಗೆ ಒಳಗಿನಿಂದ ಯಾರೋ ಬೆರಳಲ್ಲಿ ಮೆಲ್ಲಗೆ ಕುಟ್ಟಿದಂತೆ ಸಿಗುತ್ತದೆ. ನನಗೆ ಹನ್ನೊಂದು ದಿನ ಸಿಗಲಿಲ್ಲ. ಇವರಿಗೆ ಹೃದಯವೇ ಇಲ್ಲವೇನೋ ಎಂದು ತಮಾಷೆ ಮಾಡಿದೆ. ಹನ್ನೆರಡನೆಯ ದಿನ ಸಿಕ್ಕಿತು. ಅಲ್ಲೊಂದು ಕಪ್ಪು ಮಚ್ಚೆಯಿತ್ತು, ಅದರಿಂದ ಒಂದು ಬೆರಳು ಈಚೆ, ಎದೆಯ ನಡುವಿನ ಕಡೆಗೆ. ಆ ಖುಷಿಗೆ ಪಾಯಸ ಮಾಡಿದ್ದೆ.

ಬಿ.ಪಿ. ನೋಡುವುದು ಹಳೆಯ ಕೆಲಸ, ಕಲಿಯಲಿಕ್ಕೇನೂ ಇರಲಿಲ್ಲ. ಪಾಠದ ಕೊನೆಗೆ ಸುಮ್ಮನೆ ನೋಡಿದೆ. ನೂರ ಅರವತ್ತೆಂಟು, ನೂರ ನಾಲ್ಕು. ಮೂರು ದಿನ ನೋಡಿದರೂ ಅಷ್ಟೇ. ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ನಮಗೆ ಕಲಿಸುತ್ತಿದ್ದ ಆ ಹಿರಿಯರೇ ಮಾತ್ರೆ ಬರೆದುಕೊಟ್ಟು ಇವರಿಗೆ ನೇರವಾಗಿಯೇ ಹೇಳಿದರು: "ಇದು ಹತೋಟಿಯಲ್ಲಿದ್ದರೆ ಬಸ್ಸು ಓಡಿಸಿ. ಇಲ್ಲದಿದ್ದರೆ ಇಳೀಬೇಕು. ನಿಮ್ಮ ಹಿಂದೆ ನಲವತ್ತು ಜನ ಕೂತಿರ್ತಾರೆ." ಇವರು ಹೂಂ ಎಂದರು. ಆವತ್ತಿನಿಂದ ಪ್ರತಿ ಸೋಮವಾರ ಬೆಳಿಗ್ಗೆ, ಇಬ್ಬರೂ ಕೆಲಸಕ್ಕೆ ಹೊರಡುವ ಮುಂಚೆ, ಬಿ.ಪಿ. ನೋಡುವುದು ನಮ್ಮ ಮನೆಯ ಪದ್ಧತಿಯಾಯಿತು.

ಎಷ್ಟು ಒಳ್ಳೆಯ ರೋಗಿ ಎನ್ನುತ್ತೀರಿ! ಪಾದ ನೆಲಕ್ಕೂರಿ, ಬೆನ್ನು ಆನಿಸಿ, ಐದು ನಿಮಿಷ ಮಾತಾಡದೆ ಕೂರುತ್ತಿದ್ದರು. ಚಹಾ ಕುಡಿಯದೆ, ಕವಳ ಹಾಕದೆ ಕಾಯುತ್ತಿದ್ದರು. ಎಲೆಯಡಿಕೆ ಬಿಟ್ಟು ಗಳಿಗೆ ಇರಲಾರದ ಮನುಷ್ಯ! ನೂರ ಇಪ್ಪತ್ತೆಂಟು, ಎಂಬತ್ತೆರಡು. ನೂರ ಮೂವತ್ತು, ಎಂಬತ್ತು. ಒಂದು ಹಾಳೆಯಲ್ಲಿ ಬರೆದಿಟ್ಟು, ತರಬೇತಿ ಮುಗಿದು ಕಿರವತ್ತಿ ಕಡೆಯ ಒಂದು ಉಪಕೇಂದ್ರಕ್ಕೆ ಹೋದ ಮೇಲೆ ಅಲ್ಲಿಯ ರೋಗಿಗಳಿಗೂ ತೋರಿಸುತ್ತಿದ್ದೆ. ನೋಡಿ, ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಹೀಗೆ. ಲೋಕದ ಎಲ್ಲದರ ಬಗ್ಗೆ ಚಿಂತೆ ಮಾಡುತ್ತಿದ್ದ ನಾನು ಗಂಡನ ಬಿ.ಪಿ.ಯೊಂದರ ಬಗ್ಗೆ ಚಿಂತೆ ಬಿಟ್ಟಿದ್ದೆ.

ನಾಲ್ಕು ವರ್ಷದ ಮೇಲೆ ಮತ್ತೆ ಶಿರಸಿಯಲ್ಲಿ ಪುನರ್ ತರಬೇತಿ, ಕೊನೆಗೊಂದು ಪ್ರಾಯೋಗಿಕ ಪರೀಕ್ಷೆ ಎಂದು ಪತ್ರ ಬಂತು. ಬೆರಳು ಮರೆತಿದೆಯೇನೋ ಎಂಬ ಹೆದರಿಕೆಯಲ್ಲಿ ಒಂದು ಬುಧವಾರ ಸಂಜೆ ಇವರನ್ನು ಮತ್ತೆ ಬೆಂಚಿನ ಮೇಲೆ ಮಲಗಿಸಿದೆ. "ಇನ್ನೂ ಪಾಸಾಗ್ಲಿಲ್ವನೇ ನೀನು?" ಎಂದು ನಗುತ್ತಾ ಮಲಗಿದರು. ಮಚ್ಚೆಯ ಈಚೆ, ಹಳೆಯ ಜಾಗದಲ್ಲಿ ಬೆರಳಿಟ್ಟೆ. ಏನೂ ಇಲ್ಲ. ಅಂಗೈ ಇಟ್ಟೆ. ಬಡಿತ ಸಿಕ್ಕಿತು, ಮಚ್ಚೆಯ ಆಚೆ, ಕಂಕುಳ ಕಡೆಗೆ. ಮೊದಲಿನಂತೆ ಮೆಲ್ಲಗೆ ಕುಟ್ಟುತ್ತಿರಲಿಲ್ಲ. ನನ್ನ ಬೆರಳನ್ನು ಎತ್ತಿ ಎತ್ತಿ ಹಾಕುತ್ತಿತ್ತು.

ಪುಸ್ತಕದಲ್ಲಿ ಓದಿದ್ದೆ. ವರ್ಷಗಟ್ಟಲೆ ಹತೋಟಿ ಇಲ್ಲದ ಬಿ.ಪಿ.ಯ ಎದುರು ದುಡಿದು ದುಡಿದು ಹೃದಯ ದಪ್ಪವಾಗುತ್ತದೆ, ಆಮೇಲೆ ಹಿಗ್ಗಿ ಜಾಗ ಬಿಟ್ಟು ಸರಿಯುತ್ತದೆ. ಆದರೆ ಸೋಮವಾರದ ಹಾಳೆ ಹಾಗೆ ಹೇಳುತ್ತಿರಲಿಲ್ಲವಲ್ಲ. ಹಾಗಾದರೆ ತಪ್ಪು ನನ್ನ ಬೆರಳಿನದು. ಮರುದಿನ ಉಪಕೇಂದ್ರದಲ್ಲಿ ನೆಗಡಿಯೆಂದು ಬಂದವರ ಎದೆಯನ್ನೂ ಬಿಡಲಿಲ್ಲ. ಎಲ್ಲರ ಬಡಿತವೂ ಇರಬೇಕಾದಲ್ಲೇ ಇತ್ತು. ಹಾಗಾದರೆ ಬಿ.ಪಿ. ಯಂತ್ರದ್ದೇ ತಪ್ಪು. ಉಪಕೇಂದ್ರದ ಯಂತ್ರದ ಜೊತೆ ಹೋಲಿಸಿದೆ, ಎರಡೂ ಒಂದೇ ಹೇಳಿದವು. ಗುರುವಾರ ಸಂಜೆ ಇವರು ಬಂದು ಕೈಕಾಲು ತೊಳೆದು ಕೂತ ಕೂಡಲೇ ಯಂತ್ರದ ತೋಳುಪಟ್ಟಿ ಹಿಡಿದುಕೊಂಡು ಹೋದೆ.

"ಇವತ್ತು ಗುರುವಾರ ಅಲ್ದನೇ?" ಎಂದರು.

ಅಷ್ಟು ಸಾಕಾಗಿತ್ತು. ಆದರೂ ಕಟ್ಟಿದೆ. ನೂರ ಎಂಬತ್ತೆರಡು, ನೂರ ಎಂಟು.

"ಮಾತ್ರೆ ತಗಂಡಿದ್ರಾ?"

ಅವರು ಪಟ್ಟಿಯನ್ನು ತಾವೇ ಬಿಚ್ಚಿ ಕೊಟ್ಟರು. ಮಾತ್ರೆಯ ಡಬ್ಬಿ ತಂದು ಎದುರಿಗಿಟ್ಟೆ. ಮಾತ್ರೆಯ ಹಾಳೆಗಳು ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗಿದ್ದವು. "ಇದರಲ್ಲಿದ್ದದ್ದು ಎಲ್ಲಿಗೆ ಹೋಯ್ತು?"

"ಘಟ್ಟಕ್ಕೆ."

ಅರಬೈಲು ಘಟ್ಟದಲ್ಲಿ ಕಿಟಕಿಯಿಂದ ಹೊರಗೆ. ಜಿಲ್ಲೆಯಲ್ಲಿ ಯಾರ ಬಿ.ಪಿ.ಯಾದರೂ ಹತೋಟಿಯಲ್ಲಿದ್ದರೆ ಅದು ಅಲ್ಲಿಯ ಮಂಗಗಳದ್ದೇ ಇರಬೇಕು.

ನುಂಗುತ್ತಿದ್ದದ್ದು ಶನಿವಾರ ರಾತ್ರಿ ಒಂದು, ಭಾನುವಾರ ರಾತ್ರಿ ಒಂದು, ಸೋಮವಾರ ನಸುಕಿಗೆ ಎದ್ದು ಒಂದು. ವಾರಕ್ಕೆ ಮೂರು ಮಾತ್ರೆ, ನನ್ನ ಹಾಳೆಗಾಗಿ. ಮೊದಲೆರಡು ವರ್ಷ ದಿನಾ ತೆಗೆದುಕೊಂಡಿದ್ದರಂತೆ. ನಡುವೆ ವೈದ್ಯರು ಮಾತ್ರೆ ಬದಲಿಸಿದ್ದರು. ಅದು ಮೈಯ ನೀರು ಇಳಿಸುವ ಬಗೆಯದು.

"ಅದು ತಗಂಡ್ರೆ ತಾಸಿಗೆ ಮೂರು ಸಲ ಉಚ್ಚೆ. ಘಟ್ಟದ ಮಧ್ಯೆ ಬಸ್ ನಿಲ್ಸಿ ಇಳೂದಾ? ಹೆಂಗಸ್ರು, ಕಾಲೇಜು ಮಕ್ಕಳು ಎಲ್ಲಾ ಕೂತಿರ್ತ್ರು."

"ನಂಗೆ ಹೇಳ್ಬಹುದಿತ್ತಲ್ಲ. ಬೇರೆ ಮಾತ್ರೆ ಇತ್ತು."

"ಹೇಳಿದ್ರೆ ನೀ ಡಾಕ್ಟ್ರಿಗೆ ಹೇಳ್ತಿದ್ದೆ. ಅವ್ರು ಇಳೀರಿ ಅಂತಿದ್ರು. ಅಲ್ದೆ ನಿಂಗೆ ತಲೆಬಿಸಿ ಬೇರೆ. ನಿಂಗೂ ಚಲೋ ನಂಬರೇ ಬೇಕಾಗಿತ್ತು. ತಂದು ಕೊಟ್ಟೆ."

ಎರಡು ವರ್ಷವೆಂದರೆ ನೂರಕ್ಕೂ ಹೆಚ್ಚು ಸೋಮವಾರ. ಅಷ್ಟೂ ದಿನ ನಾನು ಅವರ ತೋಳಿಗೆ ಪಟ್ಟಿ ಕಟ್ಟಿದ್ದೆ, ಅಷ್ಟೂ ದಿನ ಅವರು ನನ್ನ ಮುಖ ನೋಡುತ್ತಾ ಕೂತಿದ್ದರು. ಚಹಾ ಬಿಡಬೇಕು, ಕವಳ ಬಿಡಬೇಕು, ಪಾದ ಊರಬೇಕು ಎಂದು ಕಲಿಸಿದವಳು ನಾನೇ. ಕಳ್ಳನಿಗೆ ಬೀಗದ ಪಾಠ ಹೇಳಿಕೊಟ್ಟು, ಮನೆ ಭದ್ರವಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಯಾರಿಗೂ ಹೇಳಬಾರದು ಎಂದುಕೊಂಡಿದ್ದರೂ ಮರುದಿನ ನಮ್ಮ ಉಪಕೇಂದ್ರದ ಆಶಾ ಕಾರ್ಯಕರ್ತೆಯ ಮುಂದೆ ಬಾಯಿ ಬಿಟ್ಟೆ. ನನಗಿಂತ ಹಿರಿಯಳು, ಮನೆ ಮನೆ ತಿರುಗುವವಳು. ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡರೆ ಮುಖ ಸಣ್ಣದು ಮಾಡಿಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇಲ್ಲೂ ಹಂಗ ಐತ್ರಿ."

"ಹಂಗ ಅಂದ್ರೆ?"

"ಮಂಗಳವಾರ ನೀವು ಬಿ.ಪಿ. ನೋಡ್ತೀರಲ್ರಿ. ನಾನ ಎರಡ ದಿನ ಮೊದ್ಲ ಮನಿಮನಿಗೆ ಹೋಗಿ ಹೇಳಿ ಬರ್ತೀನ್ರಿ, ಗುಳಗಿ ನುಂಗ್ರವ್ವಾ, ಅಕ್ಕಾರ ನೋಡ್ತಾರ ಅಂತ. ನಂಬರ್ ಚಲೋ ಬಂದ್ರ ಮ್ಯಾಲಿನವ್ರ ಮುಂದ ನಿಮಗೂ ಮರ್ಯಾದಿ ಅಲ್ರಿ?"

"ಉಳಿದ ದಿನ?"

"ಉಳದ ದಿನ ಆರಾಮ ಇರ್ತಾರಲ್ರಿ, ಯಾಕ ನುಂಗ್ತಾರ?"

ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಪ್ರೀತಿಯಿಂದಲೇ ಮಾಡಿದ್ದಳು. ಮನೆಯಲ್ಲೊಬ್ಬರು, ಇಲ್ಲೊಬ್ಬಳು, ಜೊತೆಗೆ ಒಂದು ಹಳ್ಳಿಗೆ ಹಳ್ಳಿ, ಎಲ್ಲರೂ ಸೇರಿ ನನ್ನನ್ನು ಪರೀಕ್ಷೆಯಲ್ಲಿ ಪಾಸು ಮಾಡಿಸುತ್ತಿದ್ದರು. ಫೇಲಾಗುತ್ತಿದ್ದದ್ದು ಅವರವರ ಹೃದಯ, ಮೂತ್ರಪಿಂಡ.

ಶನಿವಾರ ಇವರನ್ನು ಶಿರಸಿಯ ಅದೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಬರುವುದಿಲ್ಲವೆಂದು ಹಟ ಹಿಡಿದಿದ್ದರು. ನೀವು ಬರದಿದ್ದರೆ ನಾನೊಬ್ಬಳೇ ಹೋಗಿ ಹೇಳುತ್ತೇನೆ ಎಂದೆ. ಬಸ್ಸಿನ ಚಾಲಕ ಗುರುತಿನವನು, ತಿರುಗಿ ನೋಡಿ ನಕ್ಕ. ಇವರು ಅವನ ಕೈಯಲ್ಲಿದ್ದ ಸ್ಟಿಯರಿಂಗನ್ನೇ ನೋಡುತ್ತಿದ್ದರು.

ವೈದ್ಯರು ಎದೆಯ ಮೇಲೆ ಬಹಳ ಹೊತ್ತು ಕೈಯಿಟ್ಟರು. ಆಮೇಲೆ ನನ್ನನ್ನು ಕರೆದು, "ನೀವು ಎಲ್ಲಿ ಸಿಕ್ಕಿತು ಅಂದ್ರಿ, ತೋರಿಸಿ" ಎಂದರು. ತೋರಿಸಿದೆ. ಆ ಒಂದು ಸಲ ನಾನು ತಪ್ಪಾಗಿರಲಿ ಎಂದು ದೇವರಿಗೆ ಹೇಳಿಕೊಂಡೆ.

"ಬೆರಳು ಸರಿಯಾಗಿದೆ" ಎಂದರು.

ಆರು ತಿಂಗಳ ತರಬೇತಿಯಲ್ಲಿ ಒಮ್ಮೆಯೂ ಸಿಗದಿದ್ದ ಶಹಬ್ಬಾಸ್‌ಗಿರಿ ಅದು. ಇ.ಸಿ.ಜಿ., ಎಕೋ ಎಲ್ಲವೂ ಬೆರಳಿನ ಮಾತನ್ನೇ ಹೇಳಿದವು. ಹೃದಯ ದೊಡ್ಡದಾಗಿದೆ, ಆದರೆ ಕೈಮೀರಿಲ್ಲ. ಬೇರೆ ಮಾತ್ರೆ, ದಿನಾ. ಮತ್ತೆ ನೋಡಿ ಹೇಳುವ ತನಕ ಬಸ್ಸು ಓಡಿಸುವಂತಿಲ್ಲ, ಅದನ್ನು ಬರೆದೇ ಕೊಡುತ್ತೇನೆ ಎಂದರು ವೈದ್ಯರು. ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ, ವೈದ್ಯರಿಗೇ ಹೇಳಿದರು:

"ನೀವು ಚಲೋ ಕಲ್ಸಿದ್ರಿ ಸರ್. ನನ್ನ ಎದೆ ಮೇಲೇ ಕಲ್ತು ನನ್ನ ಕೆಲ್ಸಾನೇ ತೆಗೆದ್ಲು."

ವೈದ್ಯರು ಏನೋ ಸಮಾಧಾನ ಹೇಳಿದರು. ನನಗೆ ಕೇಳಿಸಲಿಲ್ಲ. ಮೋಸ ಹೋದವಳು ನಾನು ಎಂದು ಅಲ್ಲಿಯ ತನಕ ಖಂಡಿತವಾಗಿ ನಂಬಿದ್ದೆ. ಆ ಮನುಷ್ಯನ ಮುಖ ನೋಡಿದರೆ ಮೋಸ ಹೋದವರು ಅವರೇ ಎನ್ನುವಂತಿತ್ತು.

ಈಗ ಅವರಿಗೆ ಡಿಪೋದಲ್ಲಿ ಕುಳಿತು ಮಾಡುವ ಕೆಲಸ. ಬಸ್ಸು ಹೊರಟ ಸಮಯ, ಬಂದ ಸಮಯ ಬರೆಯುವುದು. ಸೋಮವಾರ ಬೆಳಿಗ್ಗೆ ಪಟ್ಟಿ ಹಿಡಿದು ಹೋದರೆ ತೋಳು ಕೊಡಲಿಲ್ಲ. ಊಟ ಬಡಿಸಿದರೆ ಉಂಡರು, ಕೇಳಿದ್ದಕ್ಕೆ ಉತ್ತರ ಕೊಟ್ಟರು, ತೋಳು ಮಾತ್ರ ಇಲ್ಲ. ಪೇಟೆಯ ಔಷಧಿ ಅಂಗಡಿಯಲ್ಲಿ ನೋಡಿಸಿಕೊಂಡು, ನಂಬರು ಬರೆದ ಚೀಟಿ ತಂದು ಫ್ರಿಜ್ಜಿನ ಮೇಲೆ ಇಡತೊಡಗಿದರು. ನೂರ ಇಪ್ಪತ್ತಾರು, ಎಂಬತ್ತು. ಅಷ್ಟು ಒಳ್ಳೆಯ ನಂಬರು ಕಂಡರೆ ಈಗ ನನಗೆ ನಂಬಿಕೆಯೇ ಬರುವುದಿಲ್ಲ. ಬಾಗಿಲ ಹಿಂದೆ ನಿಂತು ಅವರು ಮಾತ್ರೆ ನುಂಗಿದರೋ ಇಲ್ಲವೋ ಎಂದು ಇಣುಕಿದ್ದೇನೆ. ಒಂದು ಸಲ ಅವರು ಅದನ್ನು ನೋಡಿ, ಬಾಯಿ ಅಗಲ ತೆರೆದು ನಾಲಿಗೆ ಎತ್ತಿ ತೋರಿಸಿದರು. ನಗಲಿಲ್ಲ.

ಕಳೆದ ಮಂಗಳವಾರ ಉಪಕೇಂದ್ರದಲ್ಲಿ ಸಾಲು ಉದ್ದವಿತ್ತು. ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ಯಾರಿಗೂ ಹೇಳಬೇಡ ಎಂದು ಕೈಮುಗಿದಿದ್ದರಿಂದ ನಂಬರುಗಳೆಲ್ಲ ಭಯಂಕರವಾಗಿದ್ದವು. ಒಂಬತ್ತನೆಯವರಾಗಿ ಇವರು ಬಂದು ಸ್ಟೂಲಿನ ಮೇಲೆ ಕೂತರು. ರಜೆ ಹಾಕಿ, ಬಸ್ಸು ಹತ್ತಿ, ಪ್ರಯಾಣಿಕರಂತೆ ಬಂದಿದ್ದರು. ಬಾಯಲ್ಲಿ ಕವಳ ಇತ್ತು. ಪಾದ ಊರಲಿಲ್ಲ, ಬೆನ್ನು ಆನಿಸಲಿಲ್ಲ. ತೋಳು ಮುಂದೆ ಮಾಡಿದರು.

ನೂರ ಐವತ್ನಾಲ್ಕು, ತೊಂಬತ್ತಾರು.

"ಎಷ್ಟು?" ಎಂದರು. ಹೇಳಿದೆ. ಆ ನಂಬರಿಗೆ ಅವರನ್ನು ಮತ್ತೆ ಸ್ಟಿಯರಿಂಗ್ ಹಿಡಿಯಲು ಯಾರೂ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಅಂಗಡಿ ಚೀಟಿ ನಂಬಬೇಡ, ದಿನಾ ತಗಂಡ್ರೂ ಇಷ್ಟೇಯ" ಎಂದರು. "ಬರ್ಕ."

ಬರೆದುಕೊಂಡೆ. ಅವರೆದುರೇ ಶಿರಸಿಯ ವೈದ್ಯರಿಗೆ ಫೋನು ಮಾಡಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಿ, ಹದಿನೈದು ದಿನ ಬಿಟ್ಟು ಮತ್ತೆ ನೋಡಿ ಎಂದರು. ಹೊಸ ಮಾತ್ರೆಯ ಹಾಳೆ ಕೊಟ್ಟಾಗ ಅವರು ಅದನ್ನು ಕಿಸೆಗೆ ಹಾಕಿಕೊಂಡು, ಸಾಲಿನಲ್ಲಿ ಹಿಂದಿದ್ದ ಅಜ್ಜಿಗೆ ಸ್ಟೂಲು ಬಿಟ್ಟುಕೊಟ್ಟು ಹೊರಗೆ ಹೋದರು.