ಮೂರನೆಯ ಕೂಗು

ನಾನು ಕಿವುಡಿ ಎಂದು ಗಂಡನ ಮನೆಯವರು ತೀರ್ಮಾನಿಸಿದ್ದು ಮದುವೆಯಾದ ಎರಡೇ ವಾರಕ್ಕೆ. ನಿಜವಾಗಿ ಕಿವುಡಿಯಾಗಿದ್ದರೆ ಅಷ್ಟು ಬೈಗುಳ ಕೇಳುವುದಾದರೂ ತಪ್ಪುತ್ತಿತ್ತು.

ಇದು ಸ್ವಾತಂತ್ರ್ಯ ಬರುವುದಕ್ಕೆ ಏಳೆಂಟು ವರ್ಷ ಮುಂಚಿನ ಮಾತು. ನಾನು ಬೆಳೆದದ್ದು ದಾಂಡೇಲಿಯ ಕಾಡಿನಲ್ಲಿ. ಆಗಿನ್ನೂ ಅಲ್ಲಿ ಕಾಗದದ ಕಾರ್ಖಾನೆ ಬಂದಿರಲಿಲ್ಲ. ಅಪ್ಪ ಸಾಗವಾನಿಯ ದಿಮ್ಮಿ ಹೇರುವ ಗಾಡಿಯವನು. ಕಾಳಿ ಹೊಳೆಯ ದಂಡೆಯ ಮೇಲೆ ನಾಲ್ಕೈದು ತಟ್ಟಿಯ ಗುಡಿಸಲು, ಅವುಗಳಲ್ಲಿ ಒಂದು ನಮ್ಮದು. ಅಲ್ಲಿ ಒಂದು ರೂಢಿ ಇತ್ತು: ಯಾರೇ ಕರೆಯಲಿ, ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು.

"ಒಮ್ಮೆ ಕರದ್ರ ಅದು ಕಾಡು. ಮೂರ ಸಲ ಕರದ್ರ ಮನಷ್ಯಾರು," ಎನ್ನುತ್ತಿದ್ದಳು ಅವ್ವ. ದೆವ್ವಕ್ಕೆ ಮೂರು ಸಲ ಕರೆಯುವಷ್ಟು ತಾಳ್ಮೆ ಇರುವುದಿಲ್ಲವಂತೆ. ಎಲ್ಲಿಂದಲೋ ಕೂಗು ಬಂದೊಡನೆ ಕೊಡಲಿ ಹಿಡಿದವರೂ ರೊಟ್ಟಿ ಬಡಿಯುವವರೂ ಕೈ ತಡೆದು ಎಣಿಸುತ್ತಿದ್ದರು. ಆ ಮೌನ ನನಗೆ ಎಷ್ಟು ಇಷ್ಟವಿತ್ತು! ನಾನು ಮರೆತು ಮೊದಲ ಕೂಗಿಗೇ "ಓ" ಅಂದರೆ ಅವ್ವ ಬಾಯಿಯ ಮೇಲೆ ರಪ್ಪನೆ ಹೊಡೆಯುತ್ತಿದ್ದಳು. ಆಮೇಲೆ ತಾನೇ ಸೆರಗಿನಿಂದ ಬಾಯಿ ಒರೆಸುತ್ತಿದ್ದಳು. ಆ ಸೆರಗಿನ ಹೊಗೆಯ ವಾಸನೆ ಈಗಲೂ ನೆನಪಿದೆ.

ನನ್ನನ್ನು ಕೊಟ್ಟದ್ದು ಮುಂಡಗೋಡದ ಕಡೆಯ ಮಳಗಿ ಎಂಬ ಊರಿಗೆ, ಭತ್ತ ಬೆಳೆಯುವ ಮನೆಗೆ. ಅತ್ತೆ ಒಂದೇ ಸಲ ಕರೆಯುವ ಹೆಂಗಸು. "ತಂಗೀ!" ಎಂದು ನನ್ನನ್ನು ಕರೆದರೆ ಕೆಲಸ ಬಿಟ್ಟು ಎದ್ದು ಬರಬೇಕು. ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ನಾಲಿಗೆ ಹೊರಳುತ್ತಿರಲಿಲ್ಲ, ಕಾಲು ಕದಲುತ್ತಿರಲಿಲ್ಲ. ಉಳಿದೆರಡು ಕೂಗಿಗಾಗಿ ಮೈ ಕಾದು ನಿಲ್ಲುತ್ತಿತ್ತು. ಇದು ಮನೆ, ಕಾಡಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಲೆಗೆ ಗೊತ್ತಾದದ್ದು ಮೈಗೆ ಗೊತ್ತಾಗಬೇಕಲ್ಲ! ಹೊಸ ಮನೆಯಲ್ಲಿ ದೆವ್ವದ ಮಾತೆತ್ತಿದರೆ ಏನು ತಿಳಿಯುತ್ತಾರೋ ಎಂದು ಹೆದರಿ ಬಾಯಿಯನ್ನೇ ಬಿಡಲಿಲ್ಲ.

"ಕಿವುಡಿನ್ನ ನಮ್ಮ ಕೊರಳಿಗೆ ಕಟ್ಟ್ಯಾರ," ಎಂದರು ಮಾವ. ಬಂದು ಮಗಳನ್ನು ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಗಂಡನ ಮನೆಯಿಂದ ಹೊರಬಿದ್ದವಳ ಗತಿ ಆ ಕಾಲದಲ್ಲಿ ಏನೆಂದು ನನಗೂ ತಿಳಿದಿತ್ತು.

ಅಪ್ಪ ಬಂದಾಗ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಪಡಸಾಲೆಯಿಂದಲೇ "ಯವ್ವಾ" ಎಂದು ನನ್ನನ್ನು ಕರೆದ. ಅಪ್ಪನದೇ ದನಿ, ಆದರೂ ಏಳಲಿಲ್ಲ. ಮತ್ತೆ ಕರೆದ. "ನೋಡಿದ್ರಿಲ್ಲೋ?" ಎಂದು ಅತ್ತೆ ಹೇಳಿದ್ದೂ ಕೇಳಿಸಿತು. ಮೂರನೆಯ ಕೂಗಿಗೆ "ಓ" ಎನ್ನುತ್ತ ಬೂದಿಗೈಯಲ್ಲೇ ಓಡಿ ಬಂದೆ.

ಅಪ್ಪ ಹಣೆ ಬಡಿದುಕೊಂಡು ನಕ್ಕ. ಕಣ್ಣಲ್ಲಿ ನೀರಿತ್ತು. "ಅಕಿ ಕಿವಿ ಚೊಲೋ ಐತ್ರಿ. ನಾವ ಕಲಿಸಿದ್ದು ಇದು," ಎಂದು ಕಾಡಿನ ರೂಢಿಯನ್ನೆಲ್ಲ ಬಿಡಿಸಿ ಹೇಳಿದ.

"ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಬಿಡ್ರಿ," ಎಂದರು ಅತ್ತೆ. ಆ ಗಾದೆ ಕೇಳಿದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅದು ಹುಟ್ಟಿನಿಂದ ಬಂದದ್ದಲ್ಲ. ಆ ಕಾಡು ಕಲಿಸಿದ್ದು, ಅವ್ವನ ಕೈ ಕಲಿಸಿದ್ದು. ಆದರೆ ಅತ್ತೆ ನನ್ನನ್ನು ಕಳಿಸಲಿಲ್ಲ. ಮರುದಿನದಿಂದ ಗೊಣಗುತ್ತಲೇ ಮೂರು ಸಲ ಕರೆಯತೊಡಗಿದರು. ಬರಬರುತ್ತ ಎಮ್ಮೆಯನ್ನೂ ಮೂರು ಸಲ ಕರೆಯುವಂತಾದರು, ಸಾಯುವ ತನಕ ಆ ಚಾಳಿ ಬಿಡಲಿಲ್ಲ.

ನಾನು ಮಾತ್ರ ಎರಡು ಕೂಗಿಗೆ ಇಳಿದೆ, ಆಮೇಲೆ ಒಂದಕ್ಕೆ. ಯಾವ ದಿನದಿಂದ ಎಂದು ನನಗೇ ಗೊತ್ತಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ಒಂದು ಮುಂಜಾನೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಬಿದಿರುಮೆಳೆಯ ಆಚೆಯಿಂದ ಅವ್ವ ಕರೆದಳು. "ಓ" ಎಂದೆ. ಮೊದಲ ಕೂಗಿಗೇ.

ಅವ್ವ ಮೆಳೆ ದಾಟಿ ಬಂದು ನನ್ನ ಮುಂದೆ ನಿಂತಳು, ಕೈ ಎತ್ತಿದಳು. ನಾನು ಕಣ್ಣು ಮುಚ್ಚಿದೆ. ಆ ಏಟು ನನಗೆ ಬೇಕಾಗಿತ್ತು. ಬೀಳಲಿಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸಿ, "ಇನ್ನ ನೀ ಮಳಗಿಯಾಕಿ ಆದಿ," ಎಂದಳು.